ಬಂಗು, ಸಿಬ್ಬು, ತೊನ್ನು: ಬೀದರ ಸೀಮೆಯಲ್ಲಿ ಬಿಸಿಲಿನ ಕಲೆಗಳ ನಿದಾನ ಮತ್ತು ಚಿಕಿತ್ಸೆಯ ಚರಿತ್ರೆ

ಬೀದರ ನಗರವು ಉತ್ತರ ಅಕ್ಷಾಂಶ ೧೮ ಡಿಗ್ರಿಗೆ ಕಿಂಚಿದೂನವಾದ ಸ್ಥಾನದಲ್ಲಿ, ಸಮುದ್ರಮಟ್ಟಕ್ಕೆ ಎರಡು ಸಾವಿರ ಅಡಿಗಳಿಗೂ ಮೇಲ್ಪಟ್ಟ ಕೆಮ್ಮಣ್ಣಿನ ಪ್ರಸ್ಥಭೂಮಿಯ ಮೇಲೆ ನೆಲೆಗೊಂಡಿದೆ. ಆದಕಾರಣ ಅಲ್ಲಿ ಸೂರ್ಯನು ವರ್ಷಕ್ಕೆ ಎರಡು ಸಲ, ಮೇ ತಿಂಗಳ ಮಧ್ಯಭಾಗದಲ್ಲಿಯೂ ಜುಲೈ ತಿಂಗಳ ಕೊನೆಯಲ್ಲಿಯೂ, ಮಧ್ಯಾಹ್ನಕ್ಕೆ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಎರಡನೆಯ ಸಲ ಮಳೆಗಾಲದ ಮೋಡವು ಅಡ್ಡವಾಗುವುದುಂಟು. ಮೊದಲನೆಯ ಸಲಕ್ಕೆ ಅಂತಹ ಮರೆ ಏನೂ ಇಲ್ಲ. ನಗರಕ್ಕೆ ಸೇರಿದ ಚಿದ್ರಿಯಿಂದ ಹಿಡಿದು ಭಾಲ್ಕಿ, ಔರಾದಗಳ ಕರಿನೆಲದ ಹೊಲಗಳವರೆಗೆ ಬಯಲಿನಲ್ಲಿ ದುಡಿಯುವವರ ಹಣೆ, ಕೆನ್ನೆ, ಕುತ್ತಿಗೆ, ಮುಂಗೈಗಳ ಮೇಲೆ ಈ ಬಿಸಿಲು ತನ್ನ ಗುರುತನ್ನು ಬಿಡುತ್ತದೆ. ಆ ಗುರುತುಗಳನ್ನು ಕನ್ನಡಿಗರು ಬಂಗು, ಸಿಬ್ಬು, ತೊನ್ನು ಎಂಬ ಮೂರು ಹೆಸರುಗಳಿಂದ ಕರೆಯುತ್ತ ಬಂದಿದ್ದಾರೆ. ಇವುಗಳಲ್ಲಿ ಒಂದನ್ನು ಮತ್ತೊಂದೆಂದು ಭ್ರಮಿಸಿದ್ದರಿಂದ ಆದ ಹಾನಿಯು ಅಲ್ಪವಲ್ಲ. ನಿರಪಾಯವಾದ ಬಿಳಿಯ ಕಲೆಯನ್ನು ಕುಷ್ಠವೆಂದು ತಿಳಿದು ಕನ್ಯೆಯರಿಗೆ ವಿವಾಹ ತಪ್ಪಿದೆ. ಕುಷ್ಠದ ಮೊದಲ ಕಲೆಯನ್ನು ಬಿಸಿಲಿನದೆಂದು ಉಪೇಕ್ಷಿಸಿ ಬೆರಳುಗಳು ಹೋಗಿವೆ.

ಮೊದಲು ಹೆಸರುಗಳನ್ನೇ ವಿಚಾರಿಸುವುದು ಯುಕ್ತ. 'ಬಂಗು' ಎಂಬುದು ಸಂಸ್ಕೃತದ 'ವ್ಯಂಗ' ಶಬ್ದದ ತದ್ಭವವೆಂದು ತಿಳಿಯುವುದಕ್ಕೆ ಸಾಕಷ್ಟು ಆಧಾರವಿದೆ. ಕ್ರಿ. ಶ. ೧೨೬೦ರ ಸುಮಾರಿನ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂತಹ ಮಾರ್ಪಾಟುಗಳಿಗಾಗಿಯೇ ಅಪಭ್ರಂಶಪ್ರಕರಣವೊಂದನ್ನು ಬರೆದಿದ್ದಾನೆ. ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದು ಸರ್ವವಿದಿತ: ವರ್ಣ ಬಣ್ಣವಾಯಿತು, ವಂಧ್ಯೆ ಬಂಜೆಯಾದಳು, ವ್ಯವಸಾಯ ಬೇಸಾಯವಾಯಿತು. ಬೀದರಿನ ನೆರೆಭಾಷೆಯಾದ ಮರಾಠಿಯಲ್ಲಿ ಇದೇ ಕಲೆಗೆ 'ವಾಂಗ' ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ವಕಾರವು ಉಳಿಯಿತು, ಇಲ್ಲಿ ಬಕಾರವಾಯಿತು, ಅಷ್ಟೇ ಭೇದ. 'ಸಿಬ್ಬು' ಎಂಬುದು 'ಸಿಧ್ಮ' ಶಬ್ದದಿಂದ ಬಂದುದು. ತೊನ್ನು ಮಾತ್ರ ದೇಶ್ಯವೆಂದು ತೋರುತ್ತದೆ. ಹೀಗೆ ಮೂರರಲ್ಲಿ ಎರಡು ಪದಗಳು ವೈದ್ಯನ ಬಾಯಿಂದ ಅಡುಗೆಮನೆಗೆ ಇಳಿದು ಬಂದವು. ಅವುಗಳ ಅರ್ಥವು ದಾರಿಯಲ್ಲಿ ಹೆಚ್ಚಾಗಿ ಕೆಡಲಿಲ್ಲವೆಂಬುದು ಸಂತೋಷದ ಸಂಗತಿ. ಕೆಟ್ಟುದು ಮೂರನೆಯದು. ಬಣ್ಣವಳಿದ ಬಿಳಿಯ ಕಲೆಗೂ ಅಂಗವನ್ನು ತಿನ್ನುವ ಕುಷ್ಠಕ್ಕೂ ಜನದ ಬಾಯಲ್ಲಿ ತೊನ್ನು ಎಂಬ ಒಂದೇ ಮಾತು ಸಲ್ಲತೊಡಗಿದುದರಿಂದ ಶಾಸ್ತ್ರವು ಬಹುಕಾಲದ ಹಿಂದೆಯೇ ಬಿಡಿಸಿದ್ದ ಗಂಟು ಮತ್ತೆ ಬಿಗಿದುಕೊಂಡಿತು.

ಶಾಸ್ತ್ರವು ಅದನ್ನು ಬಿಡಿಸಿದ್ದ ಕ್ರಮವನ್ನು ನೋಡಬೇಕು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕಿಲಾಸವನ್ನು, ಎಂದರೆ ಶ್ವಿತ್ರವನ್ನು, ಕುಷ್ಠದ ಒಂದು ವಿಕಲ್ಪವೆಂದು ಹೇಳಿದರೂ ಒಡನೆಯೇ ಎರಡಕ್ಕೂ ಇರುವ ಅಂತರವನ್ನು ಸ್ಪಷ್ಟಪಡಿಸಲಾಗಿದೆ: ಕಿಲಾಸವು ಚರ್ಮದಲ್ಲಿ ಮಾತ್ರ ಇರುತ್ತದೆ, ಸ್ರವಿಸುವುದಿಲ್ಲ. ಕುಷ್ಠದ ಲಕ್ಷಣಗಳಲ್ಲಾದರೋ ಸ್ಪರ್ಶಹಾನಿಯನ್ನು ಸುಶ್ರುತನೂ, ಪೂರ್ವರೂಪಗಳಲ್ಲಿ ಸ್ಪರ್ಶವರಿಯದಿರುವುದನ್ನು ಚರಕನೂ ಎಣಿಸಿದ್ದಾರೆ. ಈಗಿನ ವೈದ್ಯರು ಕಲೆಯ ಮೇಲೆ ಹತ್ತಿಯ ಎಳೆಯನ್ನೋ ಗರಿಯನ್ನೋ ಮುಟ್ಟಿಸಿ 'ತಿಳಿಯಿತೇ' ಎಂದು ಕೇಳುವ ಪರೀಕ್ಷೆಗೆ ಮೂಲತತ್ತ್ವ ಇದೇ. ಹ್ಯಾನ್ಸೆನ್ನನು ೧೮೭೩ರಲ್ಲಿ ಕುಷ್ಠದ ರೋಗಾಣುವನ್ನು ಕಂಡುಹಿಡಿದ ಮೇಲೆ, ಅದು ನರಗಳನ್ನು ಹಿಡಿಯುವುದರಿಂದ ಸ್ಪರ್ಶವು ಹೋಗುತ್ತದೆ ಎಂಬ ಕಾರಣವು ಕ್ರಮೇಣ ವಿಶದವಾಯಿತು. ಲಕ್ಷಣವು ಮಾತ್ರ ಮೊದಲೇ ತಿಳಿದಿತ್ತು. ಬಿಸಿಲಿನ ಕಲೆಯಾಗಲಿ, ಸಿಬ್ಬಾಗಲಿ, ತೊನ್ನಾಗಲಿ ಎಂದೂ ಜೋಮು ಹಿಡಿಯುವುದಿಲ್ಲ. ಸ್ಪರ್ಶ ತಿಳಿಯದ ಕಲೆಯನ್ನು ಬಿಸಿಲಿನ ಮೇಲೆ ಹಾಕುವುದು ಅಪಾಯಕರ.

ಸಿಬ್ಬಿನ ವರ್ಣನೆಯು ಚರಕನಲ್ಲಿ ಮನೋಹರವಾಗಿದೆ. ಬಿಳಿಯ ಅಥವಾ ತಾಮ್ರದ ಬಣ್ಣ, ತೆಳುವು, ಉಜ್ಜಿದರೆ ಧೂಳಿಯಂತೆ ಉದುರುವುದು, ಸೋರೆಹೂವಿನ ಛಾಯೆ, ಪ್ರಾಯಶಃ ಎದೆಯ ಮೇಲೆ ಇರುವಿಕೆ. ಇದಕ್ಕಿಂತ ಚೊಕ್ಕವಾದ ಗುರುತನ್ನು ಇಂದಿನ ಪಾಠಪುಸ್ತಕವೂ ಕೊಡುವುದು ಕಷ್ಟ. ಚರ್ಮದ ಮೇಲೆ ಸಹಜವಾಗಿಯೇ ಇರುವ ಒಂದು ಶಿಲೀಂಧ್ರವು ಬೆವರಿನ ಕಾಲದಲ್ಲಿ ಮಿತಿಮೀರಿ ಬೆಳೆದು ಈ ಕಲೆಯನ್ನು ಉಂಟುಮಾಡುತ್ತದೆ. ಬಿಸಿಲು ಇದಕ್ಕೆ ಕಾರಣವಲ್ಲ. ಆದರೆ ಬಿಸಿಲಿಗೆ ಸುತ್ತಲಿನ ಚರ್ಮವು ಕಪ್ಪೇರಿದಾಗ ಕಲೆಯು ಮಾತ್ರ ಬೆಳ್ಳಗೆ ಉಳಿದು ಎದ್ದು ಕಾಣುವುದರಿಂದ, ಬೇಸಗೆಯಲ್ಲಿ 'ಬಿಸಿಲಿಗೆ ಬಂದಿತು' ಎಂದು ಜನರು ಭಾವಿಸುತ್ತಾರೆ. ಶಿಲೀಂಧ್ರನಾಶಕ ಲೇಪಗಳಿಂದ ಇದು ಗುಣವಾಗುತ್ತದೆ. ಬಣ್ಣ ಮರಳುವುದಕ್ಕೆ ಕೆಲವು ತಿಂಗಳುಗಳು ಬೇಕು.

ಬಂಗಿನ ವಿಚಾರವು ಇದಕ್ಕಿಂತ ಜಟಿಲ. ಸುಶ್ರುತನು ಇದನ್ನು ಕ್ಷುದ್ರರೋಗಗಳಲ್ಲಿ ಸೇರಿಸಿದ್ದಾನೆ. ಕ್ಷುದ್ರವೆಂದರೆ ತುಚ್ಛವೆಂದಲ್ಲ, ಮಹಾರೋಗಗಳ ಗಣನೆಗೆ ಬಾರದುದೆಂದು ತಿಳಿಯಬೇಕು. ಕ್ರೋಧ ಮತ್ತು ಆಯಾಸಗಳಿಂದ ಕೆರಳಿದ ವಾಯುವು ಪಿತ್ತದೊಡನೆ ಕೂಡಿ ಮುಖಕ್ಕೆ ಬಂದು, ನೋವಿಲ್ಲದ, ತೆಳುವಾದ, ಶ್ಯಾವವರ್ಣದ ಮಂಡಲವನ್ನು ಮಾಡುತ್ತದೆ ಎಂಬುದು ಅವನ ನಿದಾನ. ಅದೇ ಲಕ್ಷಣವು ಕಪ್ಪಾಗಿದ್ದರೆ ನೀಲಿಕಾ; ದೇಹದ ಮೇಲೆ ಚಿಕ್ಕದಾಗಿಯೋ ದೊಡ್ಡದಾಗಿಯೋ ಇದ್ದರೆ ನ್ಯಚ್ಛ. ವಾಗ್ಭಟನು ಕ್ರೋಧದೊಡನೆ ಶೋಕವನ್ನೂ ಹೇಳುತ್ತಾನೆ. ಚರಕನು ಸೂತ್ರಸ್ಥಾನದಲ್ಲಿ, ಪಿತ್ತವು ರಕ್ತವನ್ನು ಸೇರಿ ಚರ್ಮದಲ್ಲಿ ಒಣಗಿದಾಗ ತಿಲಕ, ಪಿಪ್ಲು, ವ್ಯಂಗ, ನೀಲಿಕೆಗಳು ಹುಟ್ಟುತ್ತವೆ ಎನ್ನುತ್ತಾನೆ.

ಈ ನಿದಾನವಾಕ್ಯಗಳಲ್ಲಿ ಬಿಸಿಲಿನ ಹೆಸರೇ ಇಲ್ಲವೆಂಬುದು ಗಮನಾರ್ಹ. ಆದರೆ ಬಿಸಿಲು ಪ್ರಾಚೀನರಿಗೆ ತಿಳಿಯದೆ ಇರಲಿಲ್ಲ. ರಕ್ತವನ್ನು ಕೆಡಿಸುವ ಕಾರಣಗಳನ್ನು ಹೇಳುವ ವಿಧಿಶೋಣಿತೀಯ ಅಧ್ಯಾಯದಲ್ಲಿ ಚರಕನು ಆತಪವನ್ನೂ ಅನಲವನ್ನೂ ಜೊತೆಜೊತೆಯಾಗಿ ಎಣಿಸಿದ್ದಾನೆ. ಕೊಡೆ ಹಿಡಿಯುವುದರ ಗುಣಗಳನ್ನು ಹೇಳುವಾಗ ಬಿಸಿಲು, ಗಾಳಿ, ಧೂಳು, ಮಳೆಗಳಿಂದ ರಕ್ಷಣೆಯನ್ನು ಉಲ್ಲೇಖಿಸಿದ್ದಾನೆ. ಎಂದಮೇಲೆ ಬಿಸಿಲು ರಕ್ತವನ್ನು ಕೆಡಿಸುತ್ತದೆ, ಕೆಟ್ಟ ರಕ್ತವು ಪಿತ್ತದೊಡನೆ ಕೂಡಿ ವ್ಯಂಗವನ್ನು ಮಾಡುತ್ತದೆ ಎಂದು ಎರಡು ಅಧ್ಯಾಯಗಳನ್ನು ಜೋಡಿಸಿ ಓದಿದವನಿಗೆ ಸಂಬಂಧವು ಹೊಳೆಯುತ್ತದೆ. ಜೋಡಿಸಿ ಓದದವನಿಗೆ ಸಿಟ್ಟು ಮತ್ತು ದುಃಖ ಮಾತ್ರ ಉಳಿಯುತ್ತವೆ. ಮುಖದ ಮೇಲೆ ಬಂಗು ಬಂದ ಹೆಂಗಸನ್ನು ಮುಂಗೋಪಿಯೆಂದು ಹಳಿಯುವುದು ಇಂತಹ ಅರೆ ಓದಿನ ಫಲ.

ಈಗಿನ ಶಾಸ್ತ್ರದ ಪ್ರಕಾರ ಬಂಗಿಗೆ ಮೂರು ಕಾರಣಗಳು ಮುಖ್ಯ: ಬಿಸಿಲು, ವಂಶ, ಮತ್ತು ಗರ್ಭಕಾಲದಲ್ಲಿ ಆಗುವ ಹಾರ್ಮೋನುಗಳ ವ್ಯತ್ಯಾಸ. ಸೂರ್ಯನ ಅತಿನೇರಳೆ ಕಿರಣಗಳು ಚರ್ಮದ ವರ್ಣಕೋಶಗಳನ್ನು ಪ್ರಚೋದಿಸಿ ಮೆಲನಿನ್ ಎಂಬ ಕಪ್ಪುದ್ರವ್ಯವನ್ನು ಹೆಚ್ಚಿಸುತ್ತವೆ. ಕಂದುಬಣ್ಣದ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕು ಸಹ ಇದೇ ಕೆಲಸವನ್ನು ಮಾಡುತ್ತದೆಂದು ಇತ್ತೀಚಿನ ದಶಕಗಳಲ್ಲಿ ಸಿದ್ಧವಾಗಿದೆ. ಗುರುತು ಸುಲಭ. ಎರಡು ಕೆನ್ನೆಗಳಲ್ಲಿಯೂ ಸಮವಾಗಿ, ಮೂಗಿನ ದಿಂಡಿನ ಮೇಲೆ, ಹಣೆಯಲ್ಲಿ, ಮೇಲ್ತುಟಿಯ ಮೇಲೆ ಕಂದುಛಾಯೆ. ಗಲ್ಲದ ಕೆಳಗೆ, ಕಿವಿಯ ಹಿಂದೆ, ರುಮಾಲು ಮುಚ್ಚಿದ ಹಣೆಯ ಮೇಲ್ಭಾಗದಲ್ಲಿ ಸ್ವಚ್ಛವಾದ ಚರ್ಮ. ನೆರಳು ಎಲ್ಲಿ ಬೀಳುತ್ತದೆಯೋ ಅಲ್ಲಿ ಕಲೆಯು ನಿಲ್ಲುತ್ತದೆ. ಇದಕ್ಕೆ ಹೊರತಾಗಿ, ಒರಟಾಗಿ ಹೊಟ್ಟೇಳುವ, ಮಾಯದ ಹುಣ್ಣಾಗುವ, ಅಂಚು ವಕ್ರವಾಗಿ ಬೆಳೆಯುತ್ತ ಹೋಗುವ ಒಂಟಿ ಕಲೆಯು ಬಂಗಲ್ಲ. ಅದು ಅರ್ಬುದದ ಮುನ್ಸೂಚನೆಯಾಗಿರಬಹುದು. ಕಂದುಚರ್ಮದವರಲ್ಲಿ ಅಪರೂಪವಾದರೂ ಇಲ್ಲದುದಲ್ಲ.

ಚಿಕಿತ್ಸೆಯಲ್ಲಿ ಸುಶ್ರುತನು ಮೊದಲು ಹಣೆಯ ಸಿರೆಯಿಂದ ರಕ್ತಮೋಕ್ಷಣವನ್ನೂ, ಬಳಿಕ ಚರ್ಮವನ್ನು ಉಜ್ಜಿ ಹಾಲುಮರಗಳ ತೊಗಟೆಯನ್ನು ಹಾಲಿನಲ್ಲಿ ಅರೆದ ಲೇಪವನ್ನೂ, ಬಲಾ, ಅತಿಬಲಾ, ಯಷ್ಟಿಮಧು, ಅರಿಸಿನಗಳ ಲೇಪವನ್ನೂ ವಿಧಿಸುತ್ತಾನೆ. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಕುಂಕುಮಾದಿತೈಲವು ಬರುತ್ತದೆ: ಕುಂಕುಮಕೇಸರಿ, ಲಾವಂಚ, ಅರಗು, ಯಷ್ಟಿಮಧು, ಚಂದನ, ಆಲದ ಎಳೆಯ ಬಿಳಲು, ಮಂಜಿಷ್ಠ ಮುಂತಾದುವು ಅದರ ಅಂಗಗಳು. ಇವುಗಳಲ್ಲಿ ಯಷ್ಟಿಮಧುವಿನ ಸತ್ತ್ವವು ಮೆಲನಿನ್ ಉತ್ಪತ್ತಿಗೆ ಬೇಕಾದ ಕಿಣ್ವವನ್ನು ತಡೆಯುತ್ತದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಸಿರಾವೇಧಕ್ಕೆ ಅಂತಹ ಸಮರ್ಥನೆಯೇನೂ ದೊರೆತಿಲ್ಲ. ಅದನ್ನು ಚರಿತ್ರೆಗೆ ಬಿಡುವುದೇ ಲೇಸು. ಆದರೆ ಲೇಪಗಳನ್ನು ಹೇಳುವ ಆ ಶ್ಲೋಕಗಳಲ್ಲಿ ಬಿಸಿಲನ್ನು ವರ್ಜಿಸಬೇಕೆಂಬ ಮಾತಿಲ್ಲ. ದಿನವೆಲ್ಲ ಬಿಸಿಲಿನಲ್ಲಿದ್ದು ರಾತ್ರಿ ಲೇಪ ಹಚ್ಚಿದವನು ಒಂದು ಕೈಯಿಂದ ಅಳಿಸಿ ಮತ್ತೊಂದು ಕೈಯಿಂದ ಬರೆದಂತೆ.

ಕನ್ನಡನಾಡಿನಲ್ಲಿ, ಅದರಲ್ಲಿಯೂ ಬೀದರ ಸೀಮೆಯ ಆಸುಪಾಸಿನಲ್ಲಿ, ಈ ವಿದ್ಯೆಗೆ ದೊಡ್ಡ ಆಶ್ರಯವಿತ್ತು. ರಾಷ್ಟ್ರಕೂಟ ಅಮೋಘವರ್ಷನ (೮೧೪–೮೭೮) ಕಾಲದಲ್ಲಿ ಉಗ್ರಾದಿತ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿದನು. ಆ ಅರಸನ ರಾಜಧಾನಿಯಾದ ಮಾನ್ಯಖೇಟವು ನೆರೆಯ ಕಲಬುರಗಿ ಜಿಲ್ಲೆಯಲ್ಲಿದೆ. ೧೦೨೫ರ ಸುಮಾರಿನಲ್ಲಿ ಚಾಲುಕ್ಯ ಜಯಸಿಂಹನ ಆಶ್ರಿತನಾದ ಚಾವುಂಡರಾಯನು ಲೋಕೋಪಕಾರದಲ್ಲಿ ವೈದ್ಯ, ಗಂಧಯುಕ್ತಿ, ಪಾಕಗಳನ್ನು ಕನ್ನಡದಲ್ಲಿಯೇ ಹೇಳಿದನು. ೧೨ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂಬ ಹೆಸರಿನಿಂದ ಕನ್ನಡಿಸಿದನು. ಈಗ ಬೀದರ ಜಿಲ್ಲೆಗೆ ಸೇರಿದ ಬಸವಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವಂತೂ (೧೧೨೯) ಇಪ್ಪತ್ತು ಉಪಭೋಗಗಳಲ್ಲಿ ಸ್ನಾನ, ವಿಲೇಪನಗಳೊಡನೆ ಛತ್ರಭೋಗವನ್ನೂ ಪಾದುಕಾಭೋಗವನ್ನೂ ಪ್ರತ್ಯೇಕವಾಗಿ ಎಣಿಸುತ್ತದೆ. ಛತ್ರವು ಅಲ್ಲಿ ರಾಜಲಾಂಛನ. ಅದರ ನೆರಳು ಚರ್ಮಕ್ಕೆ ಮದ್ದೆಂಬುದು ಗ್ರಂಥದ ಉದ್ದೇಶವಲ್ಲದಿದ್ದರೂ, ಅರಸನಿಗೆ ಬಂಗು ಬಾರದಿರಲು ಕುಂಕುಮಾದಿತೈಲಕ್ಕಿಂತ ಆ ನೆರಳೇ ಹೆಚ್ಚು ನೆರವಾಗಿದ್ದೀತು. ಅದೇ ರಾಜಧಾನಿಯ ಹೊರಗೆ ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿಗೆ ಸೆರಗೇ ಕೊಡೆ. ಸಂಹಿತೆಗಳು ಕ್ರೋಧಶೋಕಗಳನ್ನು ಮುಂದಿಟ್ಟು ಬಿಸಿಲನ್ನು ಹಿಂದಿಟ್ಟುದಕ್ಕೆ, ಅವುಗಳ ರೋಗಿಯು ಬಹುಮಟ್ಟಿಗೆ ನೆರಳಿನಲ್ಲಿ ಬಾಳಿದವನಾಗಿದ್ದುದೂ ಒಂದು ಕಾರಣವಾಗಿರಬಹುದು.

ಬಹಮನಿಯರ ರಾಜಧಾನಿಯು ಕಲಬುರಗಿಯಿಂದ ಬೀದರಿಗೆ ಬಂದುದು ಅಹಮದ ಶಹನ (೧೪೨೨–೧೪೩೬) ಆಳಿಕೆಯಲ್ಲಿ. ಅವನ ಮಗ ಎರಡನೆಯ ಅಲಾಉದ್ದೀನ ಅಹಮದನು (೧೪೩೬–೧೪೫೮) ಬೀದರಿನಲ್ಲಿ ಒಂದು ದಾರುಷ್ಶಿಫಾ, ಎಂದರೆ ಆಸ್ಪತ್ರೆಯನ್ನು ಕಟ್ಟಿಸಿ, ಅದರ ವೆಚ್ಚಕ್ಕೆ ಗ್ರಾಮಗಳನ್ನು ಬಿಟ್ಟು, ಹಿಂದೂ ಮುಸಲ್ಮಾನ ಉಭಯ ವೈದ್ಯರನ್ನೂ ನೇಮಿಸಿದನೆಂದು ಫಿರಿಶ್ತಾ ಬರೆದಿದ್ದಾನೆ. ಫಿರಿಶ್ತಾ ಸ್ವತಃ ವೈದ್ಯವಿದ್ಯೆಯನ್ನು ಬಲ್ಲವನು. ಬಿಜಾಪುರದಲ್ಲಿದ್ದು ಹಿಂದೂ ವೈದ್ಯವನ್ನು ಪಾರಸಿಯಲ್ಲಿ ಸಂಗ್ರಹಿಸಿದವನು. ಹೀಗೆ ಒಂದೇ ಆಸ್ಪತ್ರೆಯ ಮಾಡಿನ ಕೆಳಗೆ ಎರಡು ನಿದಾನಪದ್ಧತಿಗಳು ಕೂಡಿದವು. ಯೂನಾನಿಯಲ್ಲಿ ಬಂಗಿಗೆ ಕಲಫ್, ಮಚ್ಚೆಯಂತಹ ಚುಕ್ಕೆಗಳಿಗೆ ನಮಶ್, ಮೇಲುಮೇಲಿನ ಬಿಳುಪಿಗೆ ಬಹಕ್, ಆಳವಾದ ಬಿಳುಪಿಗೆ ಬರಸ್, ಕುಷ್ಠಕ್ಕೆ ಜುಜಾಮ್ ಎಂದು ಹೆಸರುಗಳಿವೆ. ವ್ಯಂಗ, ನ್ಯಚ್ಛ, ಸಿಧ್ಮ, ಶ್ವಿತ್ರ, ಕುಷ್ಠಗಳ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟರೆ ಎರಡೂ ಬಹುಮಟ್ಟಿಗೆ ಹೊಂದುತ್ತವೆ. ಬಹಕ್ ಮತ್ತು ಬರಸ್‌ಗಳನ್ನು ಬೇರ್ಪಡಿಸಲು ಹಕೀಮರು ಕಲೆಯ ಚರ್ಮವನ್ನು ಚಿಮುಟಿ ಎತ್ತಿ ಸೂಜಿಯಿಂದ ಚುಚ್ಚುತ್ತಿದ್ದರು. ರಕ್ತ ಬಂದರೆ ಗುಣವಾದೀತು, ಬಿಳಿಯ ನೀರು ಬಂದರೆ ಅಸಾಧ್ಯ. ಈ ಪರೀಕ್ಷೆಯ ಮೇಲೆ ಇಂದು ಯಾರೂ ಭಾರ ಹಾಕುವುದಿಲ್ಲ. ಆದರೂ ಮುಟ್ಟದೆ, ಕೇವಲ ಕಣ್ಣಿನಿಂದ ಕಲೆಯನ್ನು ನಿರ್ಣಯಿಸಬಾರದೆಂಬ ಎಚ್ಚರವು ಅದರಲ್ಲಿದೆ.

ಇಲ್ಲಿಯವರೆಗೆ ಹೇಳಿದ ಯಾವ ಗ್ರಂಥವೂ ಸ್ಪಷ್ಟವಾಗಿ ಗುರುತಿಸದ, ಆದರೆ ಜೋಳವುಣ್ಣುವ ಈ ಸೀಮೆಗೆ ಅತ್ಯಂತ ಸಮೀಪದ ಬಿಸಿಲಿನ ಕಲೆಯೊಂದುಂಟು. ಅದರ ಹೆಸರು ಪೆಲ್ಲಾಗ್ರ. ಸ್ಪೇನಿನ ಗಾಸ್ಪಾರ್ ಕಾಸಲನು ೧೭೩೫ರಲ್ಲಿ ಇದನ್ನು ಬಡ ರೈತರಲ್ಲಿ ಗುರುತಿಸಿದನು. ಬಿಸಿಲು ಬೀಳುವ ಮುಂಗೈ, ಪಾದ, ಮುಖಗಳಲ್ಲಿ ಎರಡು ಪಕ್ಕಗಳಲ್ಲಿಯೂ ಸಮವಾಗಿ ಚರ್ಮವು ಸುಟ್ಟಂತೆ ಕೆಂಪಾಗಿ, ಬಳಿಕ ಕಪ್ಪಾಗಿ ಒರಟುಗಟ್ಟಿ ಸುಲಿಯುತ್ತದೆ. ಕುತ್ತಿಗೆಯ ಸುತ್ತ ಹಾರ ಹಾಕಿದಂತೆ ಪಟ್ಟಿ ಬೀಳುತ್ತದೆ. ಇದಕ್ಕೆ ಕಾಸಲನ ಹಾರವೆಂದೇ ಹೆಸರಾಗಿದೆ. ಆಮೇಲೆ ಭೇದಿ, ಚಿತ್ತಭ್ರಮೆ, ಚಿಕಿತ್ಸೆಯಿಲ್ಲದಿದ್ದರೆ ಮರಣ. ಅಮೆರಿಕದಲ್ಲಿ ಗೋಲ್ಡ್‌ಬರ್ಗರನು ೧೯೧೪ರಿಂದ ಆರಂಭಿಸಿದ ಶೋಧನೆಗಳಿಂದ ಇದು ಸೋಂಕಲ್ಲ, ಆಹಾರದ ಕೊರತೆಯೆಂದು ಸಿದ್ಧವಾಯಿತು; ೧೯೩೭ರಲ್ಲಿ ಎಲ್ವೆಜೆಮ್ಮನು ಆ ಕೊರತೆಯು ನಿಕೋಟಿನಿಕ್ ಆಮ್ಲದ್ದೆಂದು, ಎಂದರೆ ನಯಾಸಿನ್ನಿನದೆಂದು, ತೋರಿಸಿಕೊಟ್ಟನು. ಪಾಶ್ಚಾತ್ಯ ದೇಶಗಳಲ್ಲಿ ಇದು ಮೆಕ್ಕೆಜೋಳವನ್ನೇ ನಂಬಿದವರ ರೋಗ. ದಖ್ಖನ್ನಿನಲ್ಲಿ ಮಾತ್ರ ಬಿಳಿಜೋಳವನ್ನು ಉಣ್ಣುವವರಲ್ಲಿ ಇದು ಕಂಡಿತು. ಕೂನೂರಿನ ಪೌಷ್ಟಿಕಾಹಾರ ಸಂಶೋಧನಾಲಯವು ಹೈದರಾಬಾದಿಗೆ ಬಂದ ಬಳಿಕ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಟಯ್ಯನವರು ೧೯೬೦ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ವಿಷಯವನ್ನು ಪ್ರಕಟಿಸಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶವು ಅಧಿಕವಾಗಿರುವುದೇ ಕಾರಣವಿರಬೇಕೆಂದು ಪ್ರತಿಪಾದಿಸಿದರು. ಲ್ಯೂಸಿನ್ ವಾದವು ಮುಂದೆ ಚರ್ಚೆಗೆ ಗುರಿಯಾಯಿತು. ಆದರೆ ರೋಗಿಗಳಿದ್ದರು, ಅವರು ಜೋಳವನ್ನೇ ಉಂಡು ಬೇರೇನೂ ದೊರೆಯದ ಬಡವರಾಗಿದ್ದರು ಎಂಬ ಮೂಲಸಂಗತಿಗೆ ಚ್ಯುತಿಯಿಲ್ಲ.

ಜೋಳದ ರೊಟ್ಟಿಯನ್ನು ಇದರಿಂದ ದೂಷಿಸತಕ್ಕುದಿಲ್ಲ. ಬೇಳೆ, ಹಾಲು, ಶೇಂಗಾ, ಸೊಪ್ಪುಗಳೊಡನೆ ಉಂಡ ರೊಟ್ಟಿಯು ಯಾರನ್ನೂ ಕೆಡಿಸಿಲ್ಲ. ಬರಿಯ ರೊಟ್ಟಿ ಮತ್ತು ಖಾರದಿಂದ ತಿಂಗಳುಗಟ್ಟಲೆ ಕಾಲ ತಳ್ಳಿದವನ ಚರ್ಮವು ಬಿಸಿಲನ್ನು ತಡೆಯಲಾರದು. ಇಲ್ಲಿ ಬಿಸಿಲು ನಿಮಿತ್ತ, ಹಸಿವು ಕಾರಣ. ಇದಕ್ಕೆ ಲೇಪವನ್ನು ಹಚ್ಚುತ್ತ ಕೂತರೆ ರೋಗಿಯು ಕೈಬಿಟ್ಟು ಹೋಗುತ್ತಾನೆ. ನಯಾಸಿನ್ ಕೊಟ್ಟರೆ ದಿನಗಳಲ್ಲಿ ಚೇತರಿಕೆ, ವಾರಗಳಲ್ಲಿ ಚರ್ಮದ ಶುದ್ಧಿ. ಅನ್ನಪದ್ಧತಿಯು ವಿವಿಧವಾದ ಮೇಲೆ ದಖ್ಖನ್ನಿನಲ್ಲಿ ಈ ರೋಗವು ವಿರಳವಾಯಿತು. ಮದ್ಯಪಾನದಿಂದ ಊಟ ಬಿಟ್ಟವರಲ್ಲಿ ಇಂದಿಗೂ ಅಲ್ಲಲ್ಲಿ ಕಾಣುತ್ತದೆ.

ಬಿಸಿಲು ಕಲೆಯನ್ನು ಮಾಡುವುದು ಮಾತ್ರವಲ್ಲ, ಒಂದು ಕಲೆಯನ್ನು ಮಾಯಿಸುವುದೂ ಉಂಟು. ಶ್ವಿತ್ರಚಿಕಿತ್ಸೆಯಲ್ಲಿ ಚರಕನು ಕಾಡತ್ತಿಯ ರಸವನ್ನು ಬೆಲ್ಲದೊಡನೆ ಕುಡಿಸಿ, ಎಣ್ಣೆ ಹಚ್ಚಿ, ಬಲವಿದ್ದಷ್ಟು ಹೊತ್ತು ಬಿಸಿಲಿನಲ್ಲಿ ಕೂಡಿಸಿ, ಕಲೆಯ ಮೇಲೆ ಎದ್ದ ಗುಳ್ಳೆಗಳನ್ನು ಮುಳ್ಳಿನಿಂದ ಒಡೆಯಬೇಕೆಂದು ಹೇಳುತ್ತಾನೆ. ವಾಗ್ಭಟಾದಿಗಳು ಅವಲ್ಗುಜವನ್ನು ವಿಧಿಸುತ್ತಾರೆ. ಅದೇ ಬಾಕುಚಿ, ಕನ್ನಡದ ಬಾವಂಚಿ. ಅತ್ತಿಯ ಜಾತಿಯಲ್ಲಿಯೂ ಬಾವಂಚಿಯ ಬೀಜದಲ್ಲಿಯೂ ಸೋರಲೆನ್ ಎಂಬ ವರ್ಗದ ದ್ರವ್ಯಗಳಿವೆ. ಅವು ಚರ್ಮವನ್ನು ಬಿಸಿಲಿಗೆ ಅತಿಸೂಕ್ಷ್ಮವಾಗಿ ಮಾಡಿ, ಸುಪ್ತವಾದ ವರ್ಣಕೋಶಗಳನ್ನು ಎಚ್ಚರಿಸುತ್ತವೆ. ೧೩ನೆಯ ಶತಮಾನದ ಇಬ್ನ್ ಅಲ್ ಬೈತಾರನು ಬೇರೊಂದು ಗಿಡದಿಂದ ಇದೇ ಉಪಾಯವನ್ನು ಹೇಳಿದ್ದನು. ಆ ಗಿಡದ ಸತ್ತ್ವವನ್ನು ಈಜಿಪ್ಟಿನ ಎಲ್ ಮೊಫ್ಟಿಯು ೧೯೪೦ರ ದಶಕದ ಕೊನೆಯಲ್ಲಿ ಪ್ರಯೋಗಿಸಿದನು. ೧೯೭೪ರಲ್ಲಿ ಅಳತೆಯಿಟ್ಟ ಅತಿನೇರಳೆ ದೀಪಗಳೊಡನೆ ಇದು ಆಧುನಿಕ ಚಿಕಿತ್ಸೆಯಾಗಿ ನಿಂತಿತು. ಚರಕನ 'ಬಲವಿದ್ದಷ್ಟು' ಎಂಬ ಮಾತಿಗೆ ಈಗ ಯಂತ್ರದ ಅಳತೆ ಬಂದಿದೆ. ಅಳತೆಯಿಲ್ಲದೆ ಬಾವಂಚಿಯ ಎಣ್ಣೆ ಹಚ್ಚಿಕೊಂಡು ಬೀದರಿನ ಮೇ ತಿಂಗಳ ಬಿಸಿಲಿಗೆ ನಿಂತವನು ಸುಟ್ಟ ಗಾಯಗಳೊಡನೆ ಮನೆಗೆ ಹಿಂದಿರುಗುವನು. ಮುಖದ ಕಪ್ಪು ಹೋಗಲೆಂದು ನಿಂಬೆಯ ರಸ ಹಚ್ಚಿ ಬಿಸಿಲಿಗೆ ಹೋಗುವವರ ಗತಿಯೂ ಇದೇ, ಏಕೆಂದರೆ ನಿಂಬೆಯಲ್ಲಿಯೂ ಅದೇ ವರ್ಗದ ದ್ರವ್ಯವಿದೆ. ಕಳೆಯಬೇಕೆಂದ ಕಪ್ಪು ಇಮ್ಮಡಿಯಾಗುತ್ತದೆ.

ಬಂಗಿನ ಇಂದಿನ ಚಿಕಿತ್ಸೆಯಲ್ಲಿ ಮೊದಲನೆಯದು ನೆರಳು ಮತ್ತು ಬಿಸಿಲುತಡೆಯ ಲೇಪ. ಕಾಣುವ ಬೆಳಕನ್ನೂ ತಡೆಯಲು ಆ ಲೇಪದಲ್ಲಿ ಕಬ್ಬಿಣದ ಆಕ್ಸೈಡನ್ನು ಬೆರೆಸುತ್ತಾರೆ. ಬೀದರಿನ ಮಣ್ಣನ್ನು ಕೆಂಪಾಗಿಸಿರುವುದೂ, ಹಳೆಯ ಲೇಪಗಳ ಗೈರಿಕವೂ ಇದೇ ದ್ರವ್ಯವೆಂಬುದು ಕುತೂಹಲಕರ. ಹಾಗೆಂದು ಹೊಲದ ಮಣ್ಣನ್ನು ಮುಖಕ್ಕೆ ಬಳಿದರೆ ಫಲವಿಲ್ಲ. ಎರಡನೆಯದು ವರ್ಣವನ್ನು ತಗ್ಗಿಸುವ ಔಷಧಗಳು. ಹೈಡ್ರೊಕ್ವಿನೋನ್ ಪ್ರಬಲವಾದುದು, ಆದರೆ ವೈದ್ಯನ ಕಣ್ಣಳತೆಯಲ್ಲಿ ಮಿತವಾದ ಕಾಲಕ್ಕೆ ಮಾತ್ರ. ಅಜೆಲಾಯಿಕ್ ಆಮ್ಲವು ಸೌಮ್ಯ. ಸಿಬ್ಬಿನ ಶಿಲೀಂಧ್ರವನ್ನು ೧೯೭೦ರ ದಶಕದಲ್ಲಿ ಅಧ್ಯಯನ ಮಾಡುವಾಗ ಅದರ ಗುಣವು ತಿಳಿದುಬಂದಿತು. ಸಿಬ್ಬು ಬಂಗಿಗೆ ಮದ್ದನ್ನು ಕೊಟ್ಟಿತೆನ್ನಬಹುದು. ಅಂಗಡಿಗಳಲ್ಲಿ ಬಿಳುಪಿನ ಆಸೆ ತೋರಿಸಿ ಮಾರುವ ಸ್ಟೆರಾಯ್ಡು ಬೆರೆತ ಮುಲಾಮುಗಳು ಮೊದಲ ವಾರಗಳಲ್ಲಿ ಹೊಳಪು ಕೊಟ್ಟು, ಬಳಿಕ ಚರ್ಮವನ್ನು ತೆಳುವು ಮಾಡಿ, ಕೆಂಪೇರಿಸಿ, ಬಿಸಿಲನ್ನು ಸಹಿಸದಂತೆ ಮಾಡುತ್ತವೆ. ಬಿಟ್ಟರೆ ಉರಿ, ಬಿಡದಿದ್ದರೆ ಕೇಡು.

ತೊನ್ನಿನ ಮಾತು ಇನ್ನೂ ಉಳಿದಿದೆ. ಮನುಸ್ಮೃತಿಯ ಮೂರನೆಯ ಅಧ್ಯಾಯವು ಹೆಣ್ಣು ತರಬಾರದ ಕುಲಗಳಲ್ಲಿ ಶ್ವಿತ್ರಿಗಳ ಕುಲವನ್ನೂ ಕುಷ್ಠಿಗಳ ಕುಲವನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಧರ್ಮಶಾಸ್ತ್ರಕಾರನು ಎರಡನ್ನೂ ಭಿನ್ನವೆಂದು ಬಲ್ಲನು, ಆದರೆ ದಂಡವನ್ನು ಒಂದೇ ಮಾಡಿದನು. ವೈದ್ಯನು ಮಾಡಿದ ಭೇದವನ್ನು ಸಮಾಜವು ಸ್ವೀಕರಿಸದುದಕ್ಕೆ ಇದೊಂದು ಮೂಲ. ಬ್ರಿಟಿಷರ ೧೮೯೮ರ ಕುಷ್ಠರೋಗಿಗಳ ಶಾಸನವು ರೋಗಿಗಳನ್ನು ದೂರವಿರಿಸುವುದಕ್ಕೆ ಕಾನೂನಿನ ಬಲವನ್ನು ಕೊಟ್ಟಿತು. ಹೈದರಾಬಾದು ಸಂಸ್ಥಾನದಲ್ಲಿ, ನಿಜಾಮಾಬಾದ ಜಿಲ್ಲೆಯ ಡಿಚ್‌ಪಲ್ಲಿಯಲ್ಲಿ, ೧೯೧೫ರಲ್ಲಿ ಇಸಾಬೆಲ್ ಕರ್ ಎಂಬ ವೈದ್ಯೆಯು ಕುಷ್ಠದ ಆಸ್ಪತ್ರೆಯನ್ನು ತೆರೆದಳು. ಅಲ್ಲಿ ಬಳಸಿದ ಎಣ್ಣೆಯು ಸುಶ್ರುತನು ತುವರಕವೆಂದು ಹೇಳಿದ ಮರದ ಜಾತಿಯದೇ. ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೧೯೮೧ರಲ್ಲಿ ಶಿಫಾರಸು ಮಾಡಿದ ಮೇಲೆ ಕುಷ್ಠವು ಆರು ತಿಂಗಳಿಂದ ಒಂದು ವರ್ಷದೊಳಗೆ ಗುಣವಾಗುವ ರೋಗವಾಯಿತು. ೧೮೯೮ರ ಶಾಸನವು ೨೦೧೬ರಲ್ಲಿ ರದ್ದಾಯಿತು. ೧೯೫೫ರ ಹಿಂದೂ ವಿವಾಹ ಶಾಸನದಲ್ಲಿ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳಿದ್ದ ಮಾತನ್ನು ೨೦೧೯ರಲ್ಲಿ ತೆಗೆದುಹಾಕಲಾಯಿತು. ತೊನ್ನು ಆ ಶಾಸನದಲ್ಲಿ ಎಂದೂ ಹೆಸರಾಗಿ ಇರಲಿಲ್ಲ. ಕುಷ್ಠದ ಹೆಸರಿನ ಮರೆಯಲ್ಲಿ ಅದರ ಮೇಲೆಯೂ ಆ ಶಂಕೆಯು ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಬಿದ್ದಿತ್ತು.